ಕೊನೆಗೆ ಕಾಣುವ ಮುಖ

ಮಾರ್ಚ್ 4

ಬೆಳಿಗ್ಗೆಯಿಂದ ಮಡಿಕೆ ಕೆಲಸ. ರಟ್ಟಿಗೆ ಗೀರು ಹಾಕಿ ಹಾಕಿ ಹೆಬ್ಬೆರಳು ಮರಗಟ್ಟಿದೆ. ಎರಡು ಚಿತ್ರಗಳನ್ನು ಉದ್ದುದ್ದ ಪಟ್ಟಿ ಮಾಡಿ, ಒಂದು ಬಿಟ್ಟು ಒಂದು ಅಂಟಿಸಿ, ಬೀಸಣಿಗೆ ಹಾಗೆ ಮಡಿಸಬೇಕು. ಎಡದಿಂದ ಬರುವವನಿಗೆ ಮನುಷ್ಯ, ದಾಟಿ ಹೋಗುವಷ್ಟರಲ್ಲಿ ದೆವ್ವ. ಹೇಳೋಕೆ ಸುಲಭ. ಒಂದು ಮಡಿಕೆ ಓರೆಯಾದರೆ ದೆವ್ವಕ್ಕೆ ಮೂಗೇ ಇರಲ್ಲ.

ಅಪ್ಪ ಕಲಿಸಿದ ಕಸುಬು. ಅಣ್ಣ ಮನುಷ್ಯನನ್ನು ಬರೀತಿದ್ದ, ನಾನು ದೆವ್ವ. ಅವನ ಮದುವೆಯಾಗೋವರೆಗೆ ಹಾಗೇ ನಡೀತು. ಈಗ ಅತ್ತಿಗೆಯೂ ಕುಂಚ ಹಿಡಿದಿದ್ದಾಳೆ. ಕೂತಿದ್ದು ಎಲ್ಲಿ? ಕಿಟಕಿ ಪಕ್ಕ, ನನ್ನ ಕುರ್ಚಿಯಲ್ಲಿ. ಅವಳಿಗೆ ಬೆಳಕು ಬೇಕಂತೆ, ಅಣ್ಣ ಹೇಳಿದ. ನಾನೇನು ಗೂಬೆಯಾ?

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನೋಡೋಣ ಎಷ್ಟು ದಿನ.

ಮಾರ್ಚ್ 9

ದೆವ್ವದ ಮನೆಯ ಮ್ಯಾನೇಜರ್ ಬಂದಿದ್ದ. ಜನ ಟಿಕೆಟ್ ತಗೊಂಡು ಹೆದರೋಕೆ ಬರೋ ಜಾಗ ಅದು, ನಮ್ಮ ಚಿತ್ರಗಳೆಲ್ಲ ಹೋಗೋದು ಅಲ್ಲಿಗೇ. ನನ್ನದರ ಮುಂದೆ ಎರಡು ಸಲ ಓಡಾಡಿದ. ಕೋರೆಹಲ್ಲು, ರಕ್ತ, ಜೋತುಬಿದ್ದ ಕಣ್ಣು, ಏನು ಕಮ್ಮಿ ಮಾಡಿದ್ದೆ? ತರಕಾರಿ ನೋಡಿದ ಹಾಗೆ ತಲೆಯಾಡಿಸಿದ.

ಆಮೇಲೆ ಅತ್ತಿಗೆಯದು. ಒಬ್ಬ ಮುದುಕ, ಅಷ್ಟೇ. ದಾಟಿ ಹೋದರೆ ಅದೇ ಮುದುಕ, ಕಣ್ಣು ಮಾತ್ರ ನಿಮ್ಮ ಹಿಂದೆ ಬಂದಿರುತ್ತೆ. ಮ್ಯಾನೇಜರ್ ಹಿಂದೆ ಸರಿದು ಬಣ್ಣದ ಡಬ್ಬಿ ಒದ್ದುಬಿಟ್ಟ. ಇದು ಯಾರ ಕೈ ಅಂತ ಕೇಳಿದ. 'ನಮ್ಮನೆಯವಳದು' ಅಂದ ಅಣ್ಣ, ಎದೆಯುಬ್ಬಿಸಿಕೊಂಡು. ನಾನು ಯಾರ ಮನೆಯವಳೋ.

ನನ್ನದನ್ನು ಟಾಯ್ಲೆಟ್ ಹತ್ತಿರ ಹಾಕ್ತಾರಂತೆ. ಮಕ್ಕಳಿಗೆ ಖುಷಿಯಾಗುತ್ತಂತೆ.

ಊಟ ಬೇಡ, ತಲೆನೋವು ಅಂದೆ. ಅತ್ತಿಗೆ ಮಾತ್ರೆ ತಂದುಕೊಟ್ಟಳು, ನೀರಿನ ಜೊತೆ. ಅದೂ ಸಾಲದು ಅಂತ ಹಣೆ ಮುಟ್ಟಿ ನೋಡಿದಳು.

ಮಾರ್ಚ್ 11

ಕೋರೆಹಲ್ಲಿಲ್ಲದ ದೆವ್ವ ಬರೆದು ನೋಡಿದೆ. ಬಸ್ಸು ತಪ್ಪಿಸಿಕೊಂಡವಳ ಹಾಗೆ ಕಂಡಳು. ಹರಿದೆ.

ಮಧ್ಯಾಹ್ನ ಅತ್ತಿಗೆ ಅಂಟಿನ ತಟ್ಟೆಯಲ್ಲಿ ಮೊಣಕೈ ಊರಿದಳು. ಎದ್ದರೆ ರಟ್ಟೂ ಜೊತೆಗೇ ಎದ್ದು ಬಂತು, ರೆಕ್ಕೆ ಹಾಗೆ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು ನನಗೆ. ಅವಳೂ ನಕ್ಕಳು. ಆಮೇಲೆ ನೆನಪಾಯಿತು — ಇವಳ ಜೊತೆ ನಗಬಾರದು ಅಂತ.

ಮಾರ್ಚ್ 17

ದೊಡ್ಡ ಆರ್ಡರ್. ದೆವ್ವದ ಮನೆಯ ಹೊಸ ಕಾರಿಡಾರಿಗೆ ಬಾಗಿಲೆತ್ತರದ ಒಂದೇ ಚಿತ್ರ. ಕೆಳಗೆ ಬರೆದವರ ಹೆಸರಿನ ಫಲಕ ಬೇರೆ. ಇಷ್ಟು ವರ್ಷದಲ್ಲಿ ನಮ್ಮ ಯಾವ ಚಿತ್ರಕ್ಕೂ ಹೆಸರು ಹಾಕಿರಲಿಲ್ಲ.

ಎರಡೂ ಮುಖ ಅತ್ತಿಗೆಯೇ ಬರೀಲಿ ಅಂದ ಅಣ್ಣ. ನನಗೆ ಅಂಟಿಸೋ ಕೆಲಸ. ನಿನ್ನಷ್ಟು ಸಾಫಾಗಿ ಅಂಟಿಸೋರು ಯಾರಿದ್ದಾರೆ ಅಂತ ಹೊಗಳಿಕೆ. ಆ ಫಲಕದಲ್ಲಿ ನನ್ನ ಹೆಸರು ಇರಬೇಕಿತ್ತು. ನನ್ನದು. ಇನ್ಯಾರದೂ ಅಲ್ಲ.

ಮಾರ್ಚ್ 20

ಬೆಡ್‌ಶೀಟ್ ಕಟ್ಟಿ, ಅದರ ಹಿಂದೆ ಕೂತು ಬರೀತಾಳೆ. ನಾನು ಈಗಲೇ ನೋಡಬಾರದಂತೆ. ಆಗಾಗ ತಲೆ ಹೊರಗೆ ಹಾಕಿ ನನ್ನನ್ನೇ ನೋಡ್ತಾಳೆ. ಕೆಲಸ ಮಾಡ್ತಿದೀನೋ ಇಲ್ಲವೋ ಅಂತಲಾ? ನಾನೂ ಓರೆಗಣ್ಣಲ್ಲಿ ಅವಳನ್ನು ನೋಡ್ತಿರ್ತೀನಿ. ಇವತ್ತು ಸಿಕ್ಕಿಬಿದ್ದೆ. ನಕ್ಕು ಒಳಗೆ ಹೋದಳು.

ಮಾರ್ಚ್ 27

ಪಟ್ಟಿಗಳು ಬಂದವು, ಅವಳೇ ಕತ್ತರಿಸಿದ್ದು. ಬೆನ್ನಿಗೆ ನಂಬರು, ಬಣ್ಣದ ಗುರುತು. ಕೆಂಪು ಅಂದರೆ ಬರುವವರಿಗೆ ಮೊದಲು ಕಾಣೋ ಮುಖ, ನೀಲಿ ಅಂದರೆ ಕೊನೆಗೆ ಕಾಣೋದು. ಅಪ್ಪನ ಕಾಲದಿಂದ ನಮ್ಮಲ್ಲಿ ಕೆಂಪು ಮನುಷ್ಯ, ನೀಲಿ ದೆವ್ವ. ಗುರುತಿಲ್ಲದಿದ್ದರೆ ಇವಳ ಪಟ್ಟಿಗಳಲ್ಲಿ ಯಾವುದು ಯಾವುದೋ ಗೊತ್ತಾಗಲ್ಲ. ಎರಡೂ ಹೆಂಗಸಿನ ಮುಖ. ಮಡಿಸೋವರೆಗೆ ಎಲ್ಲ ಕಲಸುಮೇಲೋಗರ.

ಒಂದು ಪಟ್ಟಿಯಲ್ಲಿ ಅರ್ಧ ಕಣ್ಣು. ಪಕ್ಕದವರ ತಟ್ಟೆ ನೋಡೋ ಕಣ್ಣು. ಎಷ್ಟು ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆನೋ. ಈ ಜನ್ಮದಲ್ಲಿ ಇಂಥ ಕಣ್ಣು ಬರೆಯೋಕೆ ನನ್ನಿಂದಾಗಲ್ಲ. ಅಳು ಬಂತು.

ಅದೇ ದಿನ, ಸಂಜೆ

ಮಾಡಿಬಿಟ್ಟೆ.

ಕೆಂಪಿನ ಜಾಗಕ್ಕೆ ನೀಲಿ, ನೀಲಿಯ ಜಾಗಕ್ಕೆ ಕೆಂಪು. ಪೂರ್ತಿ. ಅಂಟಿದ ಮೇಲೆ ಗುರುತು ಯಾರಿಗೆ ಕಾಣುತ್ತೆ? ಈಗ ಮೊದಲು ದೆವ್ವ, ದಾಟಿದ ಮೇಲೆ ಸಾಧಾರಣ ಹೆಂಗಸು. ದೆವ್ವ ಮನುಷ್ಯಳಾದರೆ ಹೆದರೋರು ಯಾರು? ಕಾರಿಡಾರೆಲ್ಲ ನಗಲಿ. ಕೆಳಗೆ ಅವಳ ಹೆಸರಿರಲಿ.

ಹೊಟ್ಟೆತುಂಬ ಊಟ ಮಾಡಿದೆ.

ಏಪ್ರಿಲ್ 3

ಅಣ್ಣ ಅಲ್ಲೇ ಹೋಗಿ ಮಡಿಸಿ, ಗೋಡೆಗೆ ಹಾಕಿ ಬಂದ. ಹೇಗಿದೆ ಅಂದರೆ ಮುಸಿಮುಸಿ ನಗ್ತಾನೆ, ಬಾಯಿ ಬಿಡಲ್ಲ.

ಓಪನಿಂಗ್ ದಿನ ನಾನು ಬರಲೇಬೇಕಂತೆ, ಅತ್ತಿಗೆಯ ಹಠ. 'ಅಂಟಿಸೋವಾಗ ಏನೂ ಗೊತ್ತಾಗ್ಲಿಲ್ವಾ ಅಕ್ಕ?' ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅಂಟಿನ ಡಬ್ಬಿ ಮುಚ್ಚಳ ತಿರುವುತ್ತಾ ನಿಂತೆ. ಏನು ಗೊತ್ತಾಗಬೇಕಿತ್ತು?

ಏಪ್ರಿಲ್ 6

ನಗೋಕೆ ಅಂತ ಹೋದೆ.

ಜನರ ಹಿಂದೆ ನಿಂತುಕೊಂಡೆ. ಎಡದಿಂದ ಮೊದಲು ಕಂಡಿದ್ದು ಒಬ್ಬ ಹೆಂಗಸು. ಬಾಯ್ತುಂಬ ನಗು, ಕಣ್ಣಂಚಲ್ಲಿ ನೀರು. ನಾನು. ಅಂಟಿನ ತಟ್ಟೆಯ ದಿನದ ನಾನು.

ಜನ ಮುಂದೆ ಸರಿದರು, ನಾನೂ ಸರಿದೆ. ನಗು ಮುಚ್ಚಿಕೊಳ್ತಾ ಬಂತು. ತುಟಿ ಬಿಗಿಯಿತು. ಕಣ್ಣು ನಿಧಾನ ಪಕ್ಕಕ್ಕೆ ಹೋಯಿತು, ಯಾರದೋ ಕುರ್ಚಿ ಕಡೆಗೆ. ಅದೂ ನಾನೇ. ಮುಂದಿದ್ದ ಹುಡುಗಿ ಚೀರಿ ಅಮ್ಮನನ್ನು ತಬ್ಬಿಕೊಂಡಳು. ಆ ತಾಯಿ ತಿರುಗಿ ನನ್ನ ಮುಖ ನೋಡಿ, ಮಗುವನ್ನು ಬೇಗಬೇಗ ಆಚೆ ಕರಕೊಂಡು ಹೋದಳು. ಮ್ಯಾನೇಜರ್ ಅಣ್ಣನ ಬೆನ್ನು ತಟ್ಟುತ್ತಿದ್ದ. ಇಂಥ ದೆವ್ವ ಈವರೆಗೆ ಬಂದಿಲ್ಲವಂತೆ.

ಅತ್ತಿಗೆ ಪಕ್ಕದಲ್ಲಿ ಬಂದು ನಿಂತಳು.

'ಸಿಟ್ಟಿನ ಮುಖಕ್ಕೆ ಕೆಂಪು ಹಾಕಿದ್ದೆ ಅಕ್ಕ. ಈ ಸಲ ಉಲ್ಟಾ. ದೆವ್ವ ಬಿಟ್ಟುಹೋಗೋ ಚಿತ್ರ ಒಂದಾದ್ರೂ ಇರ್ಲಿ, ನಿಮ್ಮ ನಗು ಕೊನೆಗೆ ಬರ್ಲಿ ಅಂತ.' ಆಮೇಲೆ ಮೆಲ್ಲಗೆ, 'ನಾನೇ ಗುರುತು ತಪ್ಪು ಹಾಕಿರ್ಬೇಕು, ಬಿಡಿ.'

ಕೆಳಗೆ ಫಲಕ. ಎರಡು ಹೆಸರು. ಮೊದಲು ನನ್ನದು.

ಅದಕ್ಕೂ ಹೊಟ್ಟೆ ಉರಿಯಿತು. ಇಷ್ಟು ಒಳ್ಳೆಯವಳಾಗಿರು ಅಂತ ಇವಳಿಗೆ ಹೇಳಿದ್ದಾದರೂ ಯಾರು?

ಏಪ್ರಿಲ್ 19

ಬಾಗಿಲು ತೆಗೆಯೋ ಮೊದಲೇ ಹೋಗಿದ್ದೆ. ಹೊರಹೋಗೋ ಕಡೆಯಿಂದ ಒಳಬಂದೆ. ಆ ಕಡೆಯಿಂದ ಬಂದರೆ ಸರಿಯಿದೆ. ಓರೆಗಣ್ಣು ನೆಟ್ಟಗಾಗುತ್ತೆ, ತುಟಿ ಬಿಚ್ಚಿಕೊಳ್ಳುತ್ತೆ, ಕೊನೆಗೆ ನಗು. 'ಮೇಡಂ, ದಾರಿ ಆ ಕಡೆಯಿಂದ' ಅಂದ ಕಾವಲಿನವನು. ಗೊತ್ತು ಮಾರಾಯ.

ಬಿಚ್ಚಿ ಸರಿಮಾಡ್ತೀನಿ ಅಂದರೆ ಮ್ಯಾನೇಜರ್ ಕೈಮುಗಿದ. ಮುಟ್ಟಬೇಡಿ, ಜನ ಅದನ್ನೇ ನೋಡೋಕೆ ಬರ್ತಾರೆ ಅಂತ.

ಏಪ್ರಿಲ್ 20, ಬೆಳಿಗ್ಗೆ

ಕಿಟಕಿ ಪಕ್ಕದ ಕುರ್ಚಿ ಖಾಲಿ. ಅತ್ತಿಗೆ ಬಾಗಿಲ ಕಡೆ ಕೂತಿದ್ದಾಳೆ. ಈಗ ಪ್ರತಿ ಪಟ್ಟಿಯನ್ನೂ ತಿರುಗಿಸಿ ಗುರುತು ನೋಡಿಕೊಳ್ತಾಳೆ, ಮತ್ತೆ ತಿರುಗಿಸಿ ನೋಡ್ತಾಳೆ. ತನ್ನ ಕೈಯನ್ನೇ ನಂಬಲ್ಲ. ನೋಡೋಕಾಗಲಿಲ್ಲ. ಅಂಟು ತರ್ತೀನಿ ಅಂತ ಎದ್ದು ಒಳಗೆ ಬಂದೆ.

ಇಲ್ಲೇ ಕೂತು ಹೇಗೆ ಹೇಳೋದು ಅಂತ ಬರೀತಿದೀನಿ. ಅತ್ತಿಗೆ, ನಿನ್ನ ಗುರುತು ಸರಿಯಾಗೇ ಇತ್ತು. ಅದಲು ಬದಲು ಮಾಡಿದ್ದು — ಬೇಡ, ಹೀಗೆ ಬೇಡ. ಅತ್ತಿಗೆ, ಆ ಮುಖ ನೀನು ಸರಿಯಾಗೇ ನೋಡಿದ್ದೆ, ಆ ದಿನ ಅಂಟಿಸುತ್ತಾ ಕೂತಿದ್ದಾಗ ನನಗೆ

ಕುರ್ಚಿ ಸರಿದ ಸದ್ದು. ನನಗೆ ತಲೆನೋವು ಅಂದುಕೊಂಡಿರಬೇಕು, ನೀರಿನ ಲೋಟ ಹಿಡಿದು ಬರ್ತಿದಾಳೆ. ಮಾತ್ರೆ ನುಂಗೋ ಮೊದಲೇ ಹೇಳಿಬಿಡ್ತೀನಿ.