ಬಚ್ಚಲಿಗೆ ಕಡಪ ಕಲ್ಲು

ಏಪ್ರಿಲ್ 21, ಸೋಮವಾರ

ಇವತ್ತೂ ಬಚ್ಚಲ ಬಾಗಿಲಲ್ಲಿ ನಿಂತು ಪೇಪರ್ ಓದಿದೆ. ಜೋರಾಗಿ. ಒಳಗೆ ಶಾಂತಾಳ ಸ್ನಾನ. ಬಾಗಿಲು ಅರ್ಧ ತೆರೆದಿರಬೇಕು, ಗಂಡನ ಧ್ವನಿ ಕೇಳುತ್ತಲೇ ಇರಬೇಕು. ಫೆಬ್ರವರಿಯಲ್ಲಿ ಆ ನುಣುಪು ಟೈಲ್ಸ್ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡ ಮೇಲೆ ಇದೇ ಏರ್ಪಾಡು. ಪ್ಲಾಸ್ಟರ್ ಬಿಚ್ಚಿದರು, ಕೈ ಸರಿಹೋಯಿತು, ಭಯ ಹೋಗಲಿಲ್ಲ. ಒಂದು ಕೈಯಲ್ಲಿ ನಲ್ಲಿ ಹಿಡಿದುಕೊಂಡೇ ಮೈಗೆ ನೀರು ಹಾಕಿಕೊಳ್ಳುತ್ತಾಳೆ.

ರಾಶಿಭವಿಷ್ಯ ಮುಗಿಯಿತು, ಶ್ರದ್ಧಾಂಜಲಿ ಮುಗಿಯಿತು, ಟೆಂಡರ್ ಪ್ರಕಟಣೆಗೆ ಬಂದೆ. ಉಸಿರಿಗೆಂದು ನಿಲ್ಲಿಸಿದರೆ ಸಾಕು — "ಏನ್ರೀ, ಇದ್ದೀರಾ?" ಇದ್ದೀನಿ ಕಣೇ, ಎಲ್ಲಿಗೆ ಹೋಗಲಿ. ಹೂಟಗಳ್ಳಿಯ ಫ್ಯಾಕ್ಟರಿಗೆ ಮತ್ತೆ ಲೇಟು.

ತೀರ್ಮಾನ: ಟೈಲ್ಸ್ ಕಿತ್ತು ಒರಟು ಕಲ್ಲು ಹಾಸುವುದು. ಅವಳು ಹೆದರದೆ ನಿಲ್ಲಬೇಕು. ಅಷ್ಟೇ.

ಏಪ್ರಿಲ್ 24, ಗುರುವಾರ

ರಿಂಗ್ ರೋಡಿನ ಕಲ್ಲಿನ ಅಂಗಡಿ. ಷೂ, ಸಾಕ್ಸ್ ಬಿಚ್ಚಿ, ಪ್ಯಾಂಟ್ ಮಡಚಿ, ಒಂದೊಂದು ಕಲ್ಲಿಗೂ ನೀರು ಹಾಕಿಸಿ ಹತ್ತಿ ನಿಂತು ನೋಡಿದೆ. ಅಂಗಡಿಯವನು ಮಗ್ ಹಿಡಿದು ಹಿಂದೆಯೇ ಬಂದ, ಪಾಪ. ಕೊನೆಗೆ ಪಾಲಿಶ್ ಮಾಡದ ಕರಿ ಕಡಪ. ಕಾಲು ಅಲ್ಲಾಡಲಿಲ್ಲ.

ಶಾಂತಾ: "ಅಡುಗೆಮನೆ ಕಲ್ಲನ್ನ ಬಚ್ಚಲಿಗೆ ಹಾಕ್ತಾರೇನ್ರೀ? ನೋಡಿದೋರು ಏನಂದ್ಕೋತಾರೆ."

ನೋಡುವವರು ನಮ್ಮ ಬಚ್ಚಲಿಗೆ ಯಾಕೆ ಬರುತ್ತಾರೆ ಎಂದು ಕೇಳಲಿಲ್ಲ. ಶಾಂತಿ ಮುಖ್ಯ.

ಏಪ್ರಿಲ್ 30, ಬುಧವಾರ

ಮೇಸ್ತ್ರಿ ಮಹೇಶ್ ಹಳೇ ಟೈಲ್ಸ್ ಕಿತ್ತು ಗಾರೆ ಹಾಕಿದ್ದಾನೆ. ಕುವೆಂಪುನಗರದ ಅರ್ಧ ಪೋರ್ಟಿಕೋಗಳು ತನ್ನ ಕೈಯವೇ ಎನ್ನುತ್ತಾನೆ. ಬಚ್ಚಲು? "ಬುಡಿ ಸಾರ್, ಪೋರ್ಟಿಕೋಗೆ ನಾಕು ಗೋಡೆ ಕಟ್ಟಿದ್ರೆ ಬಚ್ಚಲೇ ತಾನೇ."

ಸಂಜೆ ಇಳಿಜಾರು ನೋಡೋಣ ಎಂದು ಒಂದು ಬಕೆಟ್ ನೀರು ಸುರಿದ. ನೀರು ಮೋರಿಯ ಕಡೆ ಕಣ್ಣೆತ್ತಿಯೂ ನೋಡದೆ ಹೊಸಿಲು ದಾಟಿ, ನಡುಮನೆ ದಾಟಿ, ನೆಟ್ಟಗೆ ದೇವರ ಕೋಣೆಗೆ. ಮಹೇಶ್ ಅದರ ಹಿಂದೆಯೇ ದೇವರ ಕೋಣೆಯವರೆಗೆ ಹೋಗಿ ಬಂದ. "ಇಳಿಜಾರು ಚೆನ್ನಾಗೇ ಬಂದದೆ ಸಾರ್. ದಿಕ್ಕೊಂದು ಬದಲಾಯ್ಸಬೇಕು."

ಗಾರೆ ಮತ್ತೆ ಮೊದಲಿಂದ. ಅಲ್ಲಿಯವರೆಗೆ ಸ್ನಾನ ಪಕ್ಕದ ಮನೆ ಚಂದ್ರಮತಿಯವರಲ್ಲಿ. ಶಾಂತಾಗೆ ಬಾಗಿಲು ಕಾಯುವುದೂ ಅವರೇ, ಸೀರಿಯಲ್ ಕಥೆ ಹೇಳುತ್ತಾರೆ. "ನಿಮ್ಮ ಟೆಂಡರ್‌ಗಿಂತ ಎಷ್ಟೋ ವಾಸಿ" ಅಂದಳು ಇವಳು. ಸ್ವಲ್ಪ ಬೇಜಾರೇ ಆಯಿತು.

ಮೇ 4, ಭಾನುವಾರ

ನಿನ್ನೆ ಕೆಲಸ ಮುಗಿಯಿತು. ಏನು ಕಪ್ಪು! ನೀರು ಕೂಡ ಈಗ ಹೇಳಿದ ಕಡೆ ಹೋಗುತ್ತದೆ. ಶಾಂತಾ ಹೊಸಿಲಾಚೆಯಿಂದಲೇ ಇಣುಕಿ "ಚೆನ್ನಾಗಿದೆ" ಅಂದಳು. ಕಾಲಿಡಲಿಲ್ಲ. ಒಣಗಿದ ಕಲ್ಲಿಗೇ ಇಷ್ಟು ಹೆದರಿದರೆ ಒದ್ದೆಯಾದಾಗ ಏನು ಗತಿ...

ಇವತ್ತು ಬೆಳಿಗ್ಗೆ ಸೀಲರ್ ಬಳಿದೆ, ನಾನೇ. ಕಲ್ಲು ನೀರು ಕುಡಿಯದಂತೆ, ಕಲೆ ಹಿಡಿಯದಂತೆ ಬಳಿಯುವ ಎಣ್ಣೆಯಂಥ ದ್ರವ. ಮೂರು ದಿನ ಒಂದು ಹನಿಯೂ ತಾಗಬಾರದು ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿದೆ. ಸೊಂಟ ಹಿಡಿದುಕೊಂಡಿದೆ. ಶಾಂತಾಗೆ ಹೇಳಿದೆ, "ಮೂರು ದಿನ ಬಚ್ಚಲು ಬಳಸೋ ಹಾಗಿಲ್ಲ." ಆಯ್ತು ಅಂದಳು.

ಮೇ 7, ಬುಧವಾರ, ಸಂಜೆ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಬೇಗ ಮನೆಗೆ ಬಂದೆ. ಬಚ್ಚಲಲ್ಲಿ ಸದ್ದು. ನೋಡಿದರೆ ಶಾಂತಾ — ಸೆರಗು ಸಿಕ್ಕಿಸಿ, ಎಡಗೈಯಲ್ಲಿ ಬಕೆಟ್, ಬಲಗೈಯಲ್ಲಿ ಚೊಂಬು — ಮೂಲೆಮೂಲೆಗೂ ನೀರು ಹೊಡೆಯುತ್ತಿದ್ದಾಳೆ. ಸೀಲರ್ ಕೆಟ್ಟು ಕಲ್ಲೆಲ್ಲಾ ಬೆಳ್ಳಗೆ, ಮಜ್ಜಿಗೆ ಚೆಲ್ಲಿ ಒಣಗಿದ ಹಾಗೆ.

"ಏನ್ ಮಾಡ್ತಿದ್ದೀಯೇ?"

"ಕ್ಯೂರಿಂಗ್."

ಮಹೇಶ್ ಹೋಗುವಾಗ ಹೇಳಿಹೋಗಿದ್ದನಂತೆ: "ಬೆಳಿಗ್ಗೆ ಸಂಜೆ ನೀರು ಹೊಡೀತಾ ಇರಿ ಅಮ್ಮ." ಈ ಊರಿನಲ್ಲಿ ಗಾರೆ ಕೆಲಸ ಮಾಡಿದವನು ಬೇರೆ ಏನು ಹೇಳಿಹೋಗುತ್ತಾನೆ? ಚಂದ್ರಮತಿಯವರೂ ದನಿಗೂಡಿಸಿದ್ದಾರೆ — ತಮ್ಮ ಮನೆಯಲ್ಲಿ ನೀರು ಹೊಡೆಯದೆ ಟೈಲ್ಸೆಲ್ಲಾ ಎದ್ದು ಬಂದವಂತೆ. ಇವಳು ಸೋಮವಾರದಿಂದ ಎರಡೂ ಹೊತ್ತು ನಿಷ್ಠೆಯಿಂದ ಹೊಡೆದಿದ್ದಾಳೆ.

"ಬಳಸಬೇಡ ಅಂದಿದ್ನಲ್ಲ!"

"ಬಳಸಿಲ್ಲ ಕಣ್ರೀ. ನೀರು ಹಾಕಿದೆ ಅಷ್ಟೇ. ನೀವು ದುಡ್ಡು ಸುರಿದು ಮಾಡ್ಸಿದ್ದು ಎದ್ದು ಹೋಗ್ಲಿ ಅಂತ ಬಿಟ್ಟುಬಿಡ್ಲಾ?"

ಚೊಂಬು ಕುಕ್ಕಿ ಅಡುಗೆಮನೆಗೆ ಹೋದಳು. ಈಗ ಸಾರಿಗೆ ಹಾಕುವ ಒಗ್ಗರಣೆಯಲ್ಲೂ ಸಿಟ್ಟು ಕೇಳಿಸುತ್ತಿದೆ. ನನಗೂ ಇದೆ ಸಿಟ್ಟು. ಮೂರು ದಿನ ಸುಮ್ಮನಿದ್ದರೆ ಸಾಕಾಗಿತ್ತು. ಭಾನುವಾರ ಬೆಳಿಗ್ಗೆಯೆಲ್ಲಾ ಮೊಣಕಾಲೂರಿ ಬಳಿದದ್ದು. ಅದನ್ನು ತಣ್ಣಗೆ, ಬರಿಗಾಲಲ್ಲಿ ಒಳಗೆ ನಿಂತುಕೊಂಡು, ಬಕೆಟ್‌ಗಟ್ಟಲೆ...

ತಡಿ.

ಒಳಗೆ ನಿಂತಿದ್ದಳು. ಬರಿಗಾಲಲ್ಲಿ. ಒದ್ದೆ ಕಲ್ಲಿನ ಮೇಲೆ, ಮನೆಯಲ್ಲಿ ಒಬ್ಬಳೇ. ಎರಡೂ ಕೈ ತುಂಬಿದ್ದವು. ಏನನ್ನೂ ಹಿಡಿದುಕೊಂಡಿರಲಿಲ್ಲ.

ರಾತ್ರಿ 8.30

ಊಟ ಆಯಿತು. ಹೇಳಲಿಲ್ಲ. ನೀನು ಹೆದರಲೇ ಇಲ್ಲವಲ್ಲೇ ಎಂದು ಬಾಯಿಗೇ ಬಂದಿತ್ತು, ಸಾರಿನ ಜೊತೆ ನುಂಗಿಕೊಂಡೆ. ಹೇಳಿದರೆ ನೆನಪಾಗುತ್ತದೆ. ನೆನಪಾದರೆ ಮತ್ತೆ ಹೆದರುತ್ತಾಳೆ. ಸಿಟ್ಟಿರುವವನ ಹಾಗೆಯೇ ಮುಖ ಮಾಡಿಕೊಂಡು ಎರಡು ಸಲ ಸಾರು ಹಾಕಿಸಿಕೊಂಡೆ. ಒಳಗೆ ಎಷ್ಟು ಸಂತೋಷ ಎಂದರೆ, ಮಹೇಶನಿಗೆ ಫೋನ್ ಮಾಡಿ ಬೈಯಬೇಕೆಂದುಕೊಂಡವನು ಊಟ ಆಯ್ತೇನಪ್ಪ ಎಂದು ಕೇಳಿ ಇಟ್ಟುಬಿಟ್ಟೆ.

ಮೇ 8, ಗುರುವಾರ, ಬೆಳಿಗ್ಗೆ

ಶಾಂತಾ ಟವೆಲ್ ಹೆಗಲಿಗೆ ಹಾಕಿಕೊಂಡು ನಮ್ಮ ಬಚ್ಚಲಿಗೇ ಹೋದಳು. ನಾನೂ ಹಿಂದೆಯೇ ಹೋಗಿ ಬಾಗಿಲ ಹತ್ತಿರ ನಿಂತೆ.

"ಇಲ್ಲೇನ್ ಕೆಲ್ಸ ನಿಮ್ಗೆ?" ಅಂದಳು. "ಹೋಗ್ರೀ. ಫ್ಯಾಕ್ಟರಿಗೆ ಹೊತ್ತಾಗಲ್ವಾ?"

ಬಾಗಿಲು ಹಾಕಿಕೊಂಡಳು. ಪೂರ್ತಿ. ಚಿಲಕವೂ ಬಿತ್ತು.

ನಡುಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಫ್ಯಾಕ್ಟರಿಗೆ ಟೈಮಿದೆ, ಎಷ್ಟೋ ತಿಂಗಳ ಮೇಲೆ. ಏನು ಮಾಡಬೇಕೋ ತಿಳಿಯುತ್ತಿಲ್ಲ. ಒಳಗೆ ನೀರು ಬೀಳುವ ಸದ್ದು. ಮಾತಿಲ್ಲ. ಈಗ ನೀರಿನ ಸದ್ದೂ ನಿಂತಿತು. ಸೋಪು ಹಚ್ಚಿಕೊಳ್ಳುತ್ತಿರಬೇಕು. ಸೋಪಿಗೆ ಇಷ್ಟು ಹೊತ್ತು ಬೇಕೇ? ಕೂಗಬಾರದು. ಕೂಗಿದರೆ ಎಲ್ಲ ಹಾಳು. ಇನ್ನೂ ಸದ್ದಿಲ್ಲ... ಒಂದೇ ಒಂದು ಸಲ, ಮೆಲ್ಲಗೆ, ಏನೇ, ಇದ್ದೀಯಾ ಅಂತ