ಕಿಟಕಿಯಿಲ್ಲದ ಕೋಣೆ

ಸಾಗರ, ಜೂನ್ ೧೯೬೬

ಸೂಪರಿಂಟೆಂಡೆಂಟ್ ಸಾಹೇಬರಿಗೆ ನಮಸ್ಕಾರ.

ನಿಮ್ಮ ಮಾನಸಿಕ ಆಸ್ಪತ್ರೆಯ ಹೊಸ ಕಟ್ಟಡದ ನಕ್ಷೆ ಬರೆದವನು ನಾನೇ. ಪ್ರತಿ ಕೋಣೆಗೂ ತೋಟದ ಕಡೆ ದೊಡ್ಡ ಕಿಟಕಿ ಇಟ್ಟಿದ್ದೇನೆ. ರೋಗಿಗಳಿಗೆ ಪೆಟ್ಟಾಗದಂತೆ ಗೋಡೆಯ ಅಂಚುಗಳನ್ನೆಲ್ಲ ದುಂಡಗೆ ಮಾಡಿಸುತ್ತಿದ್ದೇನೆ.

"ಹುಚ್ಚರಿಗೆ ಕಿಟಕಿ ಯಾಕ್ರೀ?" ಎಂದು ಹಿಂದೊಮ್ಮೆ, ಕಿಟಕಿಯಿರುವ ಕೋಣೆ ಕೊಡಿ ಎಂದು ಬೇಡಲು ಬಂದಾಗ, ನೀವು ಕೇಳಿದ್ದು ನನ್ನನ್ನೇ. ನಿಮ್ಮಲ್ಲಿ ರೋಗಿಯಾಗಿದ್ದ ಹುಂಚದ ಗುತ್ಯಮ್ಮ ನನ್ನ ಅವ್ವ. "ಮಗಾ, ಒಂದ್ಸಲ ಬಿಸ್ಲು ತೋರ್ಸೋ" ಎಂದು ಬೇಡುತ್ತಲೇ ಅವಳು ನಿಮ್ಮ ಕತ್ತಲೆಕೋಣೆಯಲ್ಲಿ ಪ್ರಾಣಬಿಟ್ಟಳು.

ಹಳೆಯ ಕಟ್ಟಡವನ್ನು ಈಗ ಒಡೆಸುತ್ತಿದ್ದೇನೆ. ಹೊಸದು ಮುಗಿಯುವವರೆಗೆ ನಿಮ್ಮ ಕಚೇರಿಗೆಂದು ಅವ್ವನಿದ್ದ ಆ ಕೋಣೆಯೊಂದನ್ನು ಮಾತ್ರ ಉಳಿಸಿದ್ದೇನೆ. ಮೇಲಿನವರು ಒಪ್ಪಿದ್ದಾರೆ. ಸೋಮವಾರ ಮೇಜು, ಕುರ್ಚಿ ಸಾಗಿಸಿಕೊಳ್ಳಿ.

ಬಾಗಿಲಿಗೆ ಚಿಲಕ ಹೊರಗಡೆ ಮಾತ್ರ ಇದೆ. ಒಳಗೊಂದು ಹಾಕಿಸಲು ಈ ವರ್ಷ ಆಗುವುದಿಲ್ಲ.

ಇಂತಿ,
ಕೆರಿಯಪ್ಪ, ಎಂಜಿನಿಯರ್