ಗೇಟಿನವನು ಕೊಟ್ಟ ಹೆಸರು

ಬೊಂಬಾಯಿ, 12-8-82

ಕೆಂಪಕ್ಕನಿಗೆ ತಮ್ಮ ಯತ್ತಪ್ಪನ ನಮಸ್ಕಾರ.

ನಿನ್ನ ಮಗಳು ಗಿರಿಯಮ್ಮ ಕ್ಷೇಮ. ಮೈಯೊಳಗಿನ ಜೀವಕಣಗಳು ಒಂದನ್ನೊಂದು ಹೇಗೆ ಕೂಗಿ ಕರೆಯುತ್ತವೆ ಎಂದು ಬರೆದಿದ್ದಾಳಲ್ಲ, ಅದನ್ನು ಬೇರೆ ವಿಜ್ಞಾನಿಗಳು ತಮ್ಮ ಬರಹದಲ್ಲಿ ಹೆಸರಿಸಿದ್ದರೆ ಮಾತ್ರ ಇವಳ ಕೆಲಸ ಮುಂದುವರಿಯುತ್ತದಂತೆ. ಹೆಸರಿಸಿದವರ ಲೆಕ್ಕಕ್ಕೇ ಚಪ್ಪಡಿ ಕಲ್ಲಿನಷ್ಟು ದಪ್ಪ ಪುಸ್ತಕವಿದೆ! ನಿನ್ನೆ ಅದರಲ್ಲಿ ಹುಡುಕಿದಳು.

“ಗಿರಿಯಮ್ಮ ಅಂತ ಒಂದ್ ಕಡೇನೂ ಇಲ್ಲ ಕಣ್ ಮಾವ” ಎಂದು ಮುಖ ಬಾಡಿಸಿಕೊಂಡಳು.

“ಹೆಸರಿನ ಕೊನೇಲಿ ಊರು ಹಾಕಿದ್ಯಲ್ಲವ್ವ, ಅದ್ಕೇ ನಿಮ್ಮಾಪೀಸಿನ ಗೇಟಿನವನು ನನ್ನೂ ಬಡವನಹಳ್ಳಿ ಸಾಬ್ ಅಂತಾನೆ. ಅಂಗೇ ಹುಡುಕು!”

ಆ ಪುಸ್ತಕದಲ್ಲೂ ಹೆಸರಿನ ಕೊನೆಯ ಮಾತನ್ನೇ ಮೊದಲು ಹಾಕುತ್ತಾರಂತೆ; ಬಡವನಹಳ್ಳಿ ಎಂದು ಹುಡುಕಿದರೆ ಮೂವತ್ತೇಳು ಜನ ಹೆಸರಿಸಿದ್ದಾರೆ! ನಾಳೆ ಆ ಪಟ್ಟಿ ಅವಳ ಮೇಲಿನ ಸಾಹೇಬರ ಕೈ ಸೇರುತ್ತದೆ. ಕೆಲಸ ಉಳಿಯುವ ಧೈರ್ಯ ನನಗಿದೆ. ನನ್ನ ಮಂಡಿನೋವು ಕಡಿಮೆಯಾಗಿದೆ. ಕಾಗದದಲ್ಲಿ ಇನ್ನು ಜಾಗವಿಲ್ಲ. ನಮ್ಮೂರ ಹೆಸರು ಹೊರದೇಶದಲ್ಲೆಲ್ಲ ಅಚ್ಚಾಗಿದೆ ಎಂದು ಊರವರಿಗೆ ಹೇಳು.